ನಮ್ಮೂರ ಪಡಖಾನೆ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಊರಿನ ಇತಿಹಾಸದ ಮೇಲೆ ಒಂದು ಲೇಖನ ಬರೆದುಕೊಡು ಎಂದು ನಮ್ಮ ಮೇಷ್ಟ್ರು ಫೋನ್ ಮಾಡಿದಾಗ ಒಂದು ವಾರ ಸಮಯ ಕೇಳಿದೆ. ನಂದಿಯ ಭೋಗನಂದೀಶ್ವರ, ಕೈವಾರದ ತಾತಯ್ಯನವರು, ವಿದುರಾಶ್ವತ್ಥದ ಹುತಾತ್ಮರು, ಮುದ್ದೇನಹಳ್ಳಿಯ ಸರ್ ಎಂ.ವಿ., ಶಿಡ್ಲಘಟ್ಟದ ರೇಷ್ಮೆ ಗೂಡು, ಇವುಗಳ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಹಳೆಯ ವಿದ್ಯಾರ್ಥಿಗಳಲ್ಲೇ ಇದ್ದಾರೆ. ಯಾರೂ ಮುಟ್ಟದ ಜಾಗ ಒಂದು ಉಳಿದಿತ್ತು. ಅದು ಹೆಂಡದಂಗಡಿ. ಹಳೇ ಮೈಸೂರಿನವರ ಬಾಯಲ್ಲಿ ಪಡಖಾನೆ. ಹೇಳಿದಾಗ ಮೇಷ್ಟ್ರು ನಕ್ಕರು. "ಸ್ಕೂಲಿನ ಪುಸ್ತಕದಲ್ಲಿ ಹೆಂಡದಂಗಡಿನೇನಯ್ಯಾ? ಆಗಲಿ, ಬರಿ. ಆದರೆ ಸರಿಯಾಗಿ ಬರಿ" ಎಂದರು.

ಈ ವಿಷಯ ಹಿಡಿಯಲು ನನಗೆ ಸ್ವಂತ ಕಾರಣವೂ ಇದೆ. ನಮ್ಮ ತಾತ ಈಚಲು ಮರ ಹತ್ತಿ ಹೆಂಡ ಇಳಿಸುತ್ತಿದ್ದವರು. ಅವರ ಮೊಮ್ಮಗ ಈ ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ ಮುಗಿಸಿ, ಬಿ.ಇ. ಓದಿ, ಬೆಂಗಳೂರಿನ ಕಂಪನಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದಾನೆ. ನಡುವಿನ ತಲೆಮಾರಿನವರಾದ ನಮ್ಮ ತಂದೆ ರೇಷ್ಮೆ ಬಿಚ್ಚಾಣಿಕೆ ಘಟಕದಲ್ಲಿ ಕೂಲಿಯವರು. ನಮ್ಮ ಮನೆಯ ಮೂರು ತಲೆಮಾರಿನ ಕಥೆ ಹೇಳಬೇಕೆಂದರೆ ಪಡಖಾನೆಯ ಮುಂದೆಯೇ ಹಾದುಹೋಗಬೇಕು.

ಕೆಲಸದ ಮೇಲೆ ಕೆಲವು ತಿಂಗಳು ಇಂಗ್ಲೆಂಡಿಗೆ ಹೋಗಿದ್ದಾಗ ನಾಟಿಂಗ್‌ಹ್ಯಾಮ್ ಪಟ್ಟಣದಲ್ಲಿ ಒಂದು ಪಬ್ ತೋರಿಸಿದರು. ಕೋಟೆಯ ಬಂಡೆಗೆ ಒರಗಿಕೊಂಡ ಕಟ್ಟಡ. 'ಓಲ್ಡ್ ಟ್ರಿಪ್ ಟು ಜೆರುಸಲೇಮ್' ಎಂದು ಹೆಸರು. ಗೋಡೆಯ ಮೇಲೆ ದೊಡ್ಡದಾಗಿ 1189 ಎಂದು ಬರೆದಿದ್ದಾರೆ. ಆ ಇಸವಿಯನ್ನು ಅಲ್ಲಿನ ಇತಿಹಾಸಕಾರರೇ ಒಪ್ಪುವುದಿಲ್ಲ, ಅದು ಬೇರೆ ಮಾತು. ಅಲ್ಲಿನ ಸಂತೆ ಪಟ್ಟಣಗಳಲ್ಲಿ ಇಂಥ ಹಳೆಯ ಪಬ್ಬುಗಳು ಬಹಳ. ಗೋಡೆಯ ತುಂಬ ಹಳೆಯ ಫೋಟೋ, ಹಿಂದಿನ ಯಜಮಾನರ ಹೆಸರುಗಳು. ನಮ್ಮ ಸಂತೆ ಪಟ್ಟಣಗಳಲ್ಲೂ ನೂರಾರು ವರ್ಷ ಜನ ಕುಡಿದಿದ್ದಾರಲ್ಲ, ಚಿಂತಾಮಣಿಯಲ್ಲಿ, ಗೌರಿಬಿದನೂರಿನಲ್ಲಿ ಅಂಥ ಒಂದು ಮನೆಯಾದರೂ ಏಕೆ ಉಳಿದಿಲ್ಲ ಎಂಬ ಪ್ರಶ್ನೆ ಅಂದಿನಿಂದ ತಲೆಯಲ್ಲಿತ್ತು. ಕುಡಿತವನ್ನು ನಾವು ಕೀಳೆಂದು ನೋಡುತ್ತೇವೆ ಎಂಬುದು ಸುಲಭದ ಉತ್ತರ. ಹುಡುಕುತ್ತ ಹೋದರೆ ಸಿಕ್ಕಿದ್ದು ಬೇರೆ: ನಮ್ಮ ಪಡಖಾನೆಗೆ ಯಜಮಾನನೇ ಇರಲಿಲ್ಲ. ವರ್ಷಕ್ಕೊಮ್ಮೆ ಅದು ಹರಾಜಾಗುತ್ತಿತ್ತು.

ಮೊದಲು ಮರದ ವಿಷಯ. ನಮ್ಮ ಸೀಮೆಯಲ್ಲಿ ಹೆಂಡವೆಂದರೆ ಈಚಲು ಮರದ್ದು. ಕರಾವಳಿಯಂತೆ ತೆಂಗಿನದ್ದಲ್ಲ. ತೆಲುಗು ಮಾತನಾಡುವವರು ಇದನ್ನು ಈತ ಚೆಟ್ಟು ಎನ್ನುತ್ತಾರೆ, ಹೆಂಡಕ್ಕೆ ಕಲ್ಲು ಎನ್ನುತ್ತಾರೆ. ಕೆರೆಯ ಹಿಂಭಾಗ, ಹಳ್ಳದ ದಡ, ರಾಜಕಾಲುವೆಯ ಪಕ್ಕ, ಎಲ್ಲಿ ಸ್ವಲ್ಪ ತೇವವಿದೆಯೋ ಅಲ್ಲೆಲ್ಲ ಯಾರೂ ನೆಡದೆ ತಾನಾಗಿ ಬೆಳೆಯುವ ಮರ. ಗರಿಯಿಂದ ಚಾಪೆ, ಪೊರಕೆ, ಬುಟ್ಟಿ, ಹಣ್ಣು ಮಕ್ಕಳಿಗೆ, ಕಾಂಡ ಬಡವರ ಮನೆಯ ಸೂರಿನ ತೊಲೆಗೆ. ಚಳಿಗಾಲದಲ್ಲಿ ಅದರ ಸುಳಿಯ ಕೆಳಗೆ ಸಿಪ್ಪೆ ಕೆತ್ತಿ, ಚೂಪಾದ ಗಾಯ ಮಾಡಿ, ಸಂಜೆ ಮಡಕೆ ಕಟ್ಟಿದರೆ ರಾತ್ರಿಯೆಲ್ಲ ಹನಿ ಹನಿ ತುಂಬುತ್ತದೆ. ಬೆಳಗಿನ ಜಾವ ಇಳಿಸಿದ ಕೂಡಲೇ ಕುಡಿದರೆ ನೀರಾ, ಬರೀ ಸಿಹಿ. ಮಡಕೆಯೊಳಗೆ ಸುಣ್ಣ ಬಳಿದಿದ್ದರೆ ಆ ಸಿಹಿ ಇನ್ನಷ್ಟು ಹೊತ್ತು ಉಳಿಯುತ್ತದೆ. ಬಿಸಿಲೇರಿದಂತೆ ತಾನೇ ಹುಳಿಯುತ್ತದೆ, ನೊರೆ ಏಳುತ್ತದೆ, ಹೆಂಡವಾಗುತ್ತದೆ. ಮಾರನೆಯ ದಿನಕ್ಕೆ ಅದು ವಿನೆಗರ್‌ಗೆ ಹತ್ತಿರ.

ಇಲ್ಲಿ ಒಂದು ಅಂಶ ಗಮನಿಸಬೇಕು. ಹೆಂಡವನ್ನು ಕೂಡಿಡಲು ಆಗುವುದಿಲ್ಲ, ದೂರ ಸಾಗಿಸಲು ಆಗುವುದಿಲ್ಲ. ಆದ್ದರಿಂದ ಮರವಿದ್ದ ಕಡೆಯೇ ಅಂಗಡಿ, ಆ ದಿನದ್ದು ಆ ದಿನಕ್ಕೆ. ಸಂತೆ ದಿನ ಮಾತ್ರ ಸುತ್ತಲ ಹಳ್ಳಿಗಳ ಮಡಕೆಗಳೆಲ್ಲ ಪಟ್ಟಣದ ಕಡೆ ಬರುತ್ತಿದ್ದವು.

ಮರದ ಗಾಯದ ಬಗ್ಗೆ ತಾತ ಹೇಳಿಕೊಟ್ಟದ್ದು ನನಗೆ ಇಂದಿಗೂ ಬೆರಗು. ಒಂದು ವರ್ಷ ಕಾಂಡದ ಒಂದು ಪಕ್ಕ ಕೆತ್ತಿದರೆ ಮುಂದಿನ ಸಲ ಎದುರು ಪಕ್ಕ ಕೆತ್ತಬೇಕು. ಇಲ್ಲದಿದ್ದರೆ ಮರ ಸಾಯುತ್ತದೆ. ಹೀಗೆ ವರ್ಷ ವರ್ಷವೂ ಎಡಕ್ಕೊಂದು ಬಲಕ್ಕೊಂದು ಕಚ್ಚು ಬಿದ್ದು, ಹಳೆಯ ಈಚಲು ಮರ ಮೆಟ್ಟಿಲಿನಂತೆ ಕಾಣುತ್ತದೆ. ಕಚ್ಚು ಎಣಿಸಿದರೆ ಎಷ್ಟು ವರ್ಷ ಹೆಂಡ ಇಳಿಸಿದರೆಂಬ ಲೆಕ್ಕ ಸಿಗುತ್ತದೆ. ನಮ್ಮ ಕೆಲಸದಲ್ಲಿ ಯಂತ್ರ ತಾನೇ ಬರೆದಿಡುವ ದಾಖಲೆಗೆ ಲಾಗ್ ಎನ್ನುತ್ತೇವೆ. ಇದು ಅಂಥದ್ದೇ.

ಇನ್ನು ಅಂಗಡಿ. ಊರ ಹೊರಗೆ, ಸಂತೆ ಮೈದಾನಕ್ಕೆ ಹತ್ತಿರ, ಗರಿಯದೋ ಹೆಂಚಿನದೋ ಮಾಡು, ಮಣ್ಣಿನ ಕಟ್ಟೆ, ಮೂಲೆಯಲ್ಲಿ ದೊಡ್ಡ ಬಾನಿ. ಹೊರಗೆ ಬೇಯಿಸಿದ ಹುರುಳಿ, ಕಡಲೆಕಾಯಿ, ಬೋಟಿ ಗೊಜ್ಜು, ಮೆಣಸಿನಕಾಯಿ ಬಜ್ಜಿ ಮಾರುವ ಹೆಂಗಸರು. ದನ ಮಾರಿದವನು, ಕೊಂಡವನು, ದಲ್ಲಾಳಿ ಮೂವರೂ ವ್ಯಾಪಾರ ಮುಗಿಸಿ ಕೂರುತ್ತಿದ್ದ ಜಾಗ. ಕೂಲಿಗೆ ಆಳು ಬೇಕಾದವರು ಬಂದು ಕೇಳುತ್ತಿದ್ದದ್ದೂ ಅಲ್ಲೇ. 1910ರ ದಶಕದಲ್ಲಿ ಬೌರಿಂಗ್‌ಪೇಟೆ, ಕೋಲಾರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರದ ದಾರಿಯಲ್ಲಿ ಸಣ್ಣ ರೈಲು ಬಂದ ಮೇಲೆ ಈ ಪಟ್ಟಣಗಳ ಪೇಟೆ ಬೆಳೆಯಿತು; ಸಂತೆ ಬೆಳೆದಂತೆ ಪಡಖಾನೆಯೂ ಬೆಳೆಯಿತು. ಮಾರಮ್ಮನ ಜಾತ್ರೆಗೆ ಹೆಂಡದ ಮಡಕೆ ಇಲ್ಲಿಂದಲೇ ಹೋಗುತ್ತಿತ್ತು. ಆದರೆ ಇದನ್ನೆಲ್ಲ ಚಂದದ ಚಿತ್ರ ಮಾಡಿ ನಿಲ್ಲಿಸಲು ನನಗೆ ಮನಸ್ಸಿಲ್ಲ. ಸಂತೆಯ ಸಂಜೆ ಅದೇ ಅಂಗಡಿಯಿಂದ ಸ್ವಲ್ಪ ದೂರದಲ್ಲಿ ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು, ಗಂಡನ ಕೈಯಲ್ಲಿ ಅಕ್ಕಿಗಾದರೂ ದುಡ್ಡು ಉಳಿದಿರಲಿ ಎಂದು ಕಾಯುತ್ತಿದ್ದ ಹೆಂಗಸರೂ ಇದ್ದರು. ನಮ್ಮಜ್ಜಿ ಹೆಂಡ ಇಳಿಸುವವನ ಹೆಂಡತಿಯಾಗಿದ್ದರೂ ಆ ಹೆಂಗಸರ ಕಡೆಯವರಾಗಿಯೇ ಮಾತಾಡುತ್ತಿದ್ದರು.

ಕನ್ನಡ ಸಾಹಿತ್ಯಕ್ಕೆ ಪಡಖಾನೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬುವರಿದ್ದರು. ಹೆಂಡ ಮಾರುವುದು ಅವರ ಕಾಯಕ. ಕುಡಿಯಲು ಬಂದವರಿಗೆ ಬಿಡುವಂತೆ ಬುದ್ಧಿ ಹೇಳುತ್ತಿದ್ದರಂತೆ. ಜಿ.ಪಿ. ರಾಜರತ್ನಂ ಅವರ 'ರತ್ನನ ಪದಗಳು' ಪಡಖಾನೆಯ ಮಾತನ್ನೇ ಕಾವ್ಯವಾಗಿಸಿದ ಪುಸ್ತಕ. ಅಂದರೆ ಕವಿಗಳ ಪುಟದಲ್ಲಿ ಪಡಖಾನೆಗೆ ಜಾಗ ಸಿಕ್ಕಿದೆ. ಊರಿನ ಚರಿತ್ರೆಯಲ್ಲಿ ಸಿಕ್ಕಿಲ್ಲ.

ಈಗ ಹರಾಜಿನ ವಿಷಯಕ್ಕೆ ಬರೋಣ. ಮೈಸೂರಿಗೆ ರೇಷ್ಮೆ ತಂದ ಟಿಪ್ಪು ಸುಲ್ತಾನ್ ತನ್ನ ರಾಜ್ಯದಲ್ಲಿ ಮದ್ಯ ನಿಷೇಧಿಸಲು ಹೊರಟವನೂ ಹೌದು. 1799ರಲ್ಲಿ ಅವನು ಮಡಿದ ಮೇಲೆ ಮದ್ಯದ ಆದಾಯ ಮತ್ತೆ ಖಜಾನೆಗೆ ಹರಿಯತೊಡಗಿತು. 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳು ಮೈಸೂರು ಆಳಿದ ಕಾಲದಲ್ಲಿ, ಆಮೇಲೆ ಒಡೆಯರ ದಿವಾನರ ಕಾಲದಲ್ಲಿ, ಭೂಕಂದಾಯದ ನಂತರ ಸರ್ಕಾರದ ಮುಖ್ಯ ವರಮಾನಗಳಲ್ಲಿ ಅಬಕಾರಿಯೂ ಒಂದಾಯಿತು. ಇಳಿಸುವ ಮರಕ್ಕೆ ಗುರುತು ಹಾಕಿ ಮರಕ್ಕಿಷ್ಟು ಎಂದು ತೆರಿಗೆ. ಮಾರುವ ಹಕ್ಕಿಗೆ ಸವಾಲು. ಹೆಚ್ಚು ಕೂಗಿದವನಿಗೆ ಒಂದು ವರ್ಷದ ಗುತ್ತಿಗೆ. ಸ್ವಾತಂತ್ರ್ಯ ಬಂದ ಮೇಲೂ ಸವಾಲಿನ ಪದ್ಧತಿ ಹೋಗಲಿಲ್ಲ. ನಮ್ಮ ರಾಜ್ಯದಲ್ಲಿ ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಶಾಲೆ ಬಾಗಿಲು ತೆರೆದು ಇನ್ನೂ ಪಠ್ಯಪುಸ್ತಕ ಬಂದಿಲ್ಲ ಎನ್ನುವ ದಿನಗಳಲ್ಲೇ ಪಡಖಾನೆಗೂ ಹೊಸ ವರ್ಷ.

ಒಂದು ವರ್ಷದ ಯಜಮಾನನಿಗೆ ಅಂಗಡಿಯ ಗೋಡೆಗೆ ಸುಣ್ಣ ಬಳಿಸುವ ಅಗತ್ಯವೇನು? ಮರ ಬದುಕಲಿ ಎಂಬ ಚಿಂತೆ ಏಕೆ? ಮುಂದಿನ ವರ್ಷ ಇನ್ನೊಬ್ಬ ಕೂಗಿಕೊಂಡು ಹೋದರೆ ಅವನ ಲಾಭ ಅಲ್ಲಿಗೆ ಮುಗಿಯಿತು. ಕೂಗಿದ ಹಣ ಹನ್ನೆರಡು ತಿಂಗಳಲ್ಲಿ ಹಿಂದಕ್ಕೆ ಬರಬೇಕು, ಮೇಲೆ ಲಾಭವೂ ಬರಬೇಕು. ಹೀಗಾಗಿ ಮರ ಕೊಡುವುದಕ್ಕಿಂತ ಹೆಚ್ಚು ಹೆಂಡ ಅಂಗಡಿಯಲ್ಲಿ ಮಾರಾಟವಾಗತೊಡಗಿತು. ನೀರು ಬೆರೆಸಿದರು, ನೀರು ಬೆರೆತದ್ದಕ್ಕೆ ಮತ್ತು ಬರಲೆಂದು ಇನ್ನೇನೋ ಬೆರೆಸಿದರು. ಕ್ಲೋರಲ್ ಹೈಡ್ರೇಟ್ ಎಂಬ ನಿದ್ರೆ ಬರಿಸುವ ರಾಸಾಯನಿಕ ಕರ್ನಾಟಕದಲ್ಲೂ ಪಕ್ಕದ ಆಂಧ್ರದಲ್ಲೂ ಕಲಬೆರಕೆ ಹೆಂಡದ ಇನ್ನೊಂದು ಹೆಸರೇ ಆಗಿಬಿಟ್ಟಿತು. ನಾನು ಹುಡುಗನಾಗಿದ್ದಾಗ ನೋಡಿದ ಅಂಗಡಿಯ ಬೋರ್ಡಿನ ಮೇಲೆ ಯಾರ ಹೆಸರೂ ಇರಲಿಲ್ಲ. ಒಂದು ನಂಬರ್ ಇತ್ತು, ವರ್ಷ ಇತ್ತು. ವರ್ಷದ ಅಂಕಿಯನ್ನು ಅಳಿಸಿ ಅಳಿಸಿ ಬರೆದು ಅಲ್ಲಿ ಬಣ್ಣ ಗಂಟು ಕಟ್ಟಿತ್ತು.

ಸ್ವಾತಂತ್ರ್ಯ ಹೋರಾಟ ಈ ಮರದ ಬುಡಕ್ಕೇ ಬಂತು. ಗಾಂಧೀಜಿ 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ನಮ್ಮ ನಂದಿಬೆಟ್ಟದ ಮೇಲೆ ತಂಗಿದ್ದರು, 1936ರಲ್ಲಿ ಮತ್ತೆ ಬಂದರು. ಪಾನನಿರೋಧ ಅವರ ರಚನಾತ್ಮಕ ಕಾರ್ಯಕ್ರಮದ ಒಂದು ಭಾಗ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆಯಿತು. ಮರುವರ್ಷ, 1939ರಲ್ಲಿ, ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಚಳವಳಿಗಾರರು ಈಚಲು ಮರ ಕಡಿಯುವ ಸತ್ಯಾಗ್ರಹ ಹೂಡಿದರು. ಮರ ಹೋದರೆ ಹೆಂಡ ಹೋಗುತ್ತದೆ, ಹೆಂಡ ಹೋದರೆ ಸರ್ಕಾರದ ಆದಾಯಕ್ಕೆ ಪೆಟ್ಟು ಎಂಬ ಲೆಕ್ಕ. ಅಲ್ಲಿ ಮುಂದೆ ನಿಂತವರು ಎಸ್. ನಿಜಲಿಂಗಪ್ಪನವರು, ಅದಕ್ಕಾಗಿ ಜೈಲಿಗೂ ಹೋದರು. ಹೈಸ್ಕೂಲಿನಲ್ಲಿ ಈ ಪಾಠ ಓದಿ ಬಂದು ತಾತನಿಗೆ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮರ ಏನ್ ಮಾಡಿತ್ತಪ್ಪಾ? ಕುಡಿಯೋನ್ನ ಬಿಟ್ರು, ಸವಾಲ್ ಕೂಗೋನ್ನ ಬಿಟ್ರು, ಮರ ಕಡುದ್ರು" ಎಂದರು. ಸತ್ಯಾಗ್ರಹಿಗಳ ತ್ಯಾಗ ದೊಡ್ಡದು, ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೂ ತಾತನ ಮಾತನ್ನು ಈ ಪುಟದಲ್ಲಿ ಬರೆದಿಡದೆ ಹೋದರೆ ಚರಿತ್ರೆ ಪೂರ್ತಿಯಾಗುವುದಿಲ್ಲ.

1948ರಲ್ಲಿ ಮೈಸೂರು ಪಾನನಿರೋಧ ಕಾಯ್ದೆ ಬಂತು. ಪಾನನಿರೋಧದ ವರ್ಷಗಳಲ್ಲಿ ತಾತ ಚಾಪೆ ಹೆಣೆದರು, ಪೊರಕೆ ಕಟ್ಟಿದರು, ಕೆರೆ ಕೆಲಸಕ್ಕೆ ಹೋದರು. ಕುಡಿತ ನಿಂತಿತೇ? ಹೊಲದ ಬದುವಿನಲ್ಲಿ, ಹಳ್ಳದ ಮರೆಯಲ್ಲಿ ಬೆಲ್ಲ ಕೊಳೆಯಿಸಿ ಭಟ್ಟಿ ಇಳಿಸುವವರು ಹುಟ್ಟಿಕೊಂಡರು ಎಂದು ಊರಿನ ಹಿರಿಯರೆಲ್ಲ ಹೇಳುತ್ತಾರೆ. 1967ರಲ್ಲಿ ರಾಜ್ಯ ಸರ್ಕಾರ ಪಾನನಿರೋಧವನ್ನು ಕೈಬಿಟ್ಟಿತು. ಆಗ ಮುಖ್ಯಮಂತ್ರಿಯಾಗಿದ್ದವರು ಅದೇ ನಿಜಲಿಂಗಪ್ಪನವರು. ಈಚಲು ಮರ ಕಡಿದು ಜೈಲಿಗೆ ಹೋದವರ ಆಡಳಿತದಲ್ಲೇ ಹೆಂಡದ ಅಂಗಡಿ ಮತ್ತೆ ತೆರೆಯಿತು. ಇದನ್ನು ವ್ಯಂಗ್ಯವೆಂದು ನಕ್ಕು ಬಿಡಬಹುದು. ನನಗೆ ಕಾಣುವುದು ಸರ್ಕಾರಕ್ಕೆ ಈ ಹಣ ಎಷ್ಟು ಅನಿವಾರ್ಯವಾಗಿತ್ತು ಎಂಬುದು. ಯಾವ ಕಟ್ಟಡಕ್ಕೆ ಯಾವ ತೆರಿಗೆ ಹೋಯಿತೆಂದು ಬಿಡಿಸಿ ತೋರಿಸಲು ಬರುವುದಿಲ್ಲ, ಎಲ್ಲ ಒಂದೇ ಖಜಾನೆ. ಆದರೆ 1967ರ ನಂತರ ರಾಜ್ಯದಲ್ಲಿ ಎದ್ದ ಸರ್ಕಾರಿ ಶಾಲೆಗಳಲ್ಲಿ ನಮ್ಮದೂ ಒಂದು. ಸಂತೆಯ ಕೂಲಿಕಾರ ಕುಡಿದ ಲೋಟದ ಪಾಲು ನಮ್ಮ ಶಾಲೆಯ ಹೆಂಚಿನಲ್ಲೂ ಇರಲೇಬೇಕು.

ಪಡಖಾನೆಯನ್ನು ನಿಜವಾಗಿ ಮುಳುಗಿಸಿದ್ದು ಸಾರಾಯಿ. ಹೆಂಡದಲ್ಲಿ ಮದ್ಯದ ಅಂಶ ನೂರಕ್ಕೆ ನಾಲ್ಕೈದು. ಸಾರಾಯಿಯಲ್ಲಿ ಅದರ ಹಲವು ಪಟ್ಟು. ಹೆಂಡ ಸಂಜೆಗೆ ಹುಳಿಯುತ್ತದೆ, ಸಾರಾಯಿ ವರ್ಷವಿಟ್ಟರೂ ಕೆಡುವುದಿಲ್ಲ, ಲಾರಿಯಲ್ಲಿ ಎಲ್ಲಿಗಾದರೂ ಹೋಗುತ್ತದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷದ ಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಆಮೇಲೆ ನಾನು ಕಂಡ ಕಾಲಕ್ಕೆ ಸಾರಾಯಿ ಪ್ಲಾಸ್ಟಿಕ್ ಪ್ಯಾಕೆಟ್ಟಿಗೆ ಇಳಿದಿತ್ತು. ಪ್ಯಾಕೆಟ್ ಬಂದ ಮೇಲೆ ಕೂರಲು ಕಟ್ಟೆಯೂ ಬೇಡ, ಮಾತಾಡಲು ಜೊತೆಯೂ ಬೇಡ. ತುದಿ ಹಲ್ಲಿನಲ್ಲಿ ಕಚ್ಚಿ, ನಿಂತಲ್ಲೇ ಮುಗಿಸಿ, ಬಿಸಾಡಿ ಹೋಗುವುದು. ಬಿಚ್ಚಾಣಿಕೆ ಘಟಕದಲ್ಲಿ ಬೆಳಗಿನಿಂದ ಬಿಸಿನೀರಿನಲ್ಲಿ ಕೈಯಿಟ್ಟು ಗೂಡಿನ ಎಳೆ ಹುಡುಕಿದವರು ಸಂಜೆ ಬಟವಾಡೆ ಪಡೆದು ಹೊರಬಂದರೆ ಗೇಟಿನ ಆಚೆಯೇ ಪ್ಯಾಕೆಟ್ ಸಿಗುತ್ತಿತ್ತು. ಶಾಲೆಗೆ ನಡೆದು ಬರುವ ದಾರಿಯ ಚರಂಡಿಯಲ್ಲಿ ಆ ಖಾಲಿ ಪ್ಯಾಕೆಟ್ಟುಗಳು ಕಟ್ಟಿಕೊಂಡು ನೀರು ಹರಿಯದೆ ನಿಲ್ಲುತ್ತಿದ್ದದ್ದು ನನ್ನ ತರಗತಿಯವರಿಗೆಲ್ಲ ನೆನಪಿರಬೇಕು. ನಮ್ಮ ಜೊತೆ ಎಂಟನೆಯ ತರಗತಿಗೆ ಸೇರಿದವರಲ್ಲಿ ಕೆಲವರು ಹತ್ತಕ್ಕೆ ಬರಲಿಲ್ಲ. ಅಪ್ಪನ ಕೂಲಿ ಮನೆಗೆ ಬರದಿದ್ದಾಗ ಮಗನ ಕೂಲಿ ಬೇಕಾಗುತ್ತದೆ. ಅವರೆಲ್ಲ ಗೂಡು ಬೇಯಿಸುವ ಕಡೆ ಹೋದರು.

ಇದಕ್ಕೆ ಎದುರು ನಿಂತವರು ಇರಲಿಲ್ಲ ಎಂದಲ್ಲ. 1970ರ ದಶಕದಲ್ಲಿ ಬಿ. ಕೃಷ್ಣಪ್ಪ ಮೊದಲಾದವರು ಕಟ್ಟಿದ ದಲಿತ ಸಂಘರ್ಷ ಸಮಿತಿಗೆ ನಮ್ಮ ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ಗಟ್ಟಿ ನೆಲೆ ಇತ್ತು. ಹಟ್ಟಿಗಳಿಗೆ ಹೆಂಡ ಸಾರಾಯಿ ಬೇಡ, ನಮ್ಮ ಮಕ್ಕಳಿಗೆ ವಸತಿ ಶಾಲೆ ಕೊಡಿ ಎಂಬುದು ಅವರ ಬೇಡಿಕೆ. ಮದ್ಯ ಕೆಟ್ಟದ್ದು ಎಂದು ಉಪದೇಶ ಮಾಡಿದವರು ಬಹಳ ಜನ. ಅಂಗಡಿ ತೆಗೆದ ಜಾಗದಲ್ಲಿ ಏನು ಇಡಬೇಕು ಎಂದು ಹೇಳಿದವರು ಇವರು, ಆದ್ದರಿಂದ ಶಾಲೆಯ ಸಂಚಿಕೆಯಲ್ಲಿ ಅವರ ಹೆಸರು ಇರಲೇಬೇಕು. ಗಡಿಯಾಚೆ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು 1992ರಲ್ಲಿ ಸಾರಾಯಿ ವಿರುದ್ಧ ಎದ್ದು, ಆಂಧ್ರ ಸರ್ಕಾರ 1993ರ ಅಕ್ಟೋಬರ್‌ನಿಂದ ಸಾರಾಯಿ ನಿಲ್ಲಿಸಿತು. 1995ರಲ್ಲಿ ಅಲ್ಲಿ ಪೂರ್ತಿ ಪಾನನಿರೋಧವೇ ಬಂದು, 1997ರಲ್ಲಿ ಸಡಿಲವಾಯಿತು. ಆ ವರ್ಷಗಳಲ್ಲಿ ಹಿಂದೂಪುರದ ಕಡೆಯವರು ಗೌರಿಬಿದನೂರಿಗೂ, ಮದನಪಲ್ಲಿಯ ಕಡೆಯವರು ಚಿಂತಾಮಣಿಗೂ ಕುಡಿಯಲು ಬರುತ್ತಿದ್ದರೆಂದು ಬಸ್ ಕಂಡಕ್ಟರಾಗಿದ್ದ ನಮ್ಮ ಸಂಬಂಧಿಕರೊಬ್ಬರು ಹೇಳುತ್ತಾರೆ. ಕೊನೆಯ ಬಸ್ಸಿನಲ್ಲಿ ಟಿಕೆಟ್ ಕೊಡುವುದೇ ಕಷ್ಟವಾಗುತ್ತಿತ್ತಂತೆ.

2000ದ ದಶಕದ ಮೊದಲರ್ಧದಲ್ಲಿ ನಮ್ಮ ಕಡೆ ಹೆಂಡ ಮಾರಾಟ ನಿಷೇಧವಾಯಿತು. ಕರಾವಳಿಯಲ್ಲಿ ಮಾತ್ರ ಉಳಿಯಿತು. ಕಾರಣ ಕಲಬೆರಕೆ. ಆಮೇಲೆ 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಗಮನಿಸಿ, ಮತ್ತದೇ ಜುಲೈ 1. ಅದೇ 2007ರಲ್ಲೇ ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿತು. ಹೊಸ ಜಿಲ್ಲೆಗೆ ಪಡಖಾನೆ ಇರಲಿಲ್ಲ, ಸಾರಾಯಿ ಅಂಗಡಿಯೂ ಇರಲಿಲ್ಲ. ಬಾರ್ ಅಂಡ್ ರೆಸ್ಟೋರೆಂಟ್ ಇತ್ತು, ವೈನ್ಸ್ ಇತ್ತು, ಮುಂದೆ ಎಂ.ಎಸ್.ಐ.ಎಲ್. ಮಳಿಗೆಗಳೂ ಬಂದವು. ರಾಜ್ಯದ ಅಬಕಾರಿ ವರಮಾನ ಈಗ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿ ದಾಟಿದೆ. ಶಾಲೆ, ದೇವಸ್ಥಾನಗಳಿಂದ 100 ಮೀಟರ್ ದೂರವಿರಬೇಕು ಎಂಬ ನಿಯಮ ಇದೆ. ಟೇಪು ಹಿಡಿದು ಅಳೆದರೆ ನಮ್ಮ ಪಟ್ಟಣಗಳಲ್ಲಿ ಆ 100 ಮೀಟರ್ ಎಷ್ಟು ಚಿಕ್ಕದೆಂದು ಗೊತ್ತಾಗುತ್ತದೆ. ನಂದಿಯ ಸುತ್ತಮುತ್ತ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ನನ್ನ ಸಹೋದ್ಯೋಗಿಗಳು ಶನಿವಾರ ಕಾರು ಹತ್ತಿ ದ್ರಾಕ್ಷಾರಸದ ರುಚಿ ನೋಡಲು ಇತ್ತ ಬರುತ್ತಾರೆ. ಸಂತೋಷ. ಅದೇ ರಸ್ತೆಯ ಪಕ್ಕದ ಈಚಲು ಮರದ ಹೆಸರು ಅವರಲ್ಲಿ ಒಬ್ಬರಿಗೂ ಗೊತ್ತಿಲ್ಲ.

ನಿಷೇಧವಾದಾಗ ಗುತ್ತಿಗೆದಾರರು ಬೇರೆ ವ್ಯಾಪಾರಕ್ಕೆ ಹೋದರು. ಕುಡಿಯುವವರು ಬಾರಿಗೆ ಹೋಗಿ ಮೊದಲಿಗಿಂತ ಹೆಚ್ಚು ದುಡ್ಡು ಕೊಟ್ಟರು. ಮರ ಹತ್ತುವವರಿಗೆ ಮಾತ್ರ ಹೋಗಲು ಜಾಗವಿರಲಿಲ್ಲ. ಅಷ್ಟು ಹೊತ್ತಿಗೆ ತಾತನಿಗೆ ಮೊಣಕಾಲು ಸೋತಿತ್ತು, ಅವರು ಮರ ಹತ್ತುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಅವರ ಜೊತೆಯ ಚಿಕ್ಕ ವಯಸ್ಸಿನವರು ಕೆಲವರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರು, ಒಬ್ಬರು ಗೂಡಿನ ಮಾರುಕಟ್ಟೆಯಲ್ಲಿ ಹಮಾಲಿಯಾದರು. ಸೊಂಟದ ಹಗ್ಗ, ಕೆತ್ತುವ ಕತ್ತಿ ನಮ್ಮ ಮನೆಯ ಅಟ್ಟದ ಮೇಲೆ ಇವೆ. ಸಂತೆ ಮೈದಾನದ ಪಕ್ಕದ ಅಂಗಡಿ ಬಿದ್ದುಹೋಗಿ, ಅಲ್ಲೀಗ ಮೊಬೈಲ್ ರಿಪೇರಿ, ಚಪ್ಪಲಿ ಅಂಗಡಿ, ಕೋಳಿ ಅಂಗಡಿಯ ಸಾಲು ಎದ್ದಿದೆ. ನಂಬರಿದ್ದ ಬೋರ್ಡು ಯಾರ ಮನೆಯ ಸ್ನಾನದ ಕೋಣೆಗೆ ಬಾಗಿಲಾಯಿತೋ.

ಈ ಲೇಖನಕ್ಕಾಗಿ ಕಳೆದ ತಿಂಗಳು ಕೆರೆಯ ಹಿಂದೆ ಹೋಗಿ ನೋಡಿ ಬಂದೆ. ತೋಪಿನ ಬಹುಪಾಲು ಒತ್ತುವರಿಯಾಗಿ ಹಿಪ್ಪುನೇರಳೆ ತೋಟವಾಗಿದೆ. ಕಾಲುವೆಯ ದಡದಲ್ಲಿ ಹನ್ನೊಂದು ಮರ ಉಳಿದಿವೆ. ಅವುಗಳಲ್ಲಿ ತಾತ ಇಳಿಸುತ್ತಿದ್ದ ಮರ ಯಾವುದೆಂದು ನಮ್ಮ ತಂದೆ ತೋರಿಸಿದರು. ಕೆಳಗಿನಿಂದ ಎಣಿಸಿದೆ. ಎಡಕ್ಕೆ ಹತ್ತು, ಬಲಕ್ಕೆ ಒಂಬತ್ತು ಕಚ್ಚು. ಕೊನೆಯ ಕಚ್ಚಿನ ಮೇಲೆ ಮರ ಎರಡಾಳು ಎತ್ತರ ನೆಟ್ಟಗೆ ಬೆಳೆದಿದೆ.